ನಿಂತಲ್ಲೇ ಕುದುರೆ ಸವಾರಿ

ಚೀನಾದ ಹೆನಾನ್ ಪ್ರಾಂತದ ಸಾಂಗ್ ಪರ್ವತದ ತಪ್ಪಲಿನಲ್ಲಿ ಶಾವೋಲಿನ್ ವಿಹಾರವಿದೆ. ಅಲ್ಲಿಗೆ ಹೋದ ಪ್ರವಾಸಿಗಳಿಗೆ ಸಹಸ್ರ ಬುದ್ಧರ ಮಂದಿರವೆಂಬ ಹಳೆಯ ಕಟ್ಟಡದ ನೆಲವನ್ನು ತಪ್ಪದೆ ತೋರಿಸುತ್ತಾರೆ. ಆ ನೆಲದಲ್ಲಿ ಸಾಲುಸಾಲಾಗಿ 48 ತಗ್ಗುಗಳಿವೆ. ಭಿಕ್ಷುಗಳು ತಲೆಮಾರುಗಳ ಕಾಲ ಅದೇ ಅದೇ ಜಾಗಗಳಲ್ಲಿ ಕಾಲೂರಿ ವರಸೆ ಕಲಿತದ್ದರಿಂದ ನೆಲವೇ ಕುಸಿದು ಗುಳಿಬಿದ್ದಿದೆ ಎಂಬುದು ವಿಹಾರದವರ ಹೇಳಿಕೆ. ನೆಲ ಕುಸಿಯಲು ಬೇರೆ ಕಾರಣಗಳೂ ಇದ್ದಾವು. ಆದರೆ ಈ ಹೇಳಿಕೆಯಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಕುಂಗ್‌ಫು ಎಂದೊಡನೆ ಸಿನಿಮಾ ನೋಡಿದವರ ಕಣ್ಣಿಗೆ ಕಟ್ಟುವುದು ಗಾಳಿಯಲ್ಲಿ ಹಾರಿ ಒದೆಯುವ ಚಿತ್ರ. ವಿಹಾರದವರು ತಮ್ಮ ವಿದ್ಯೆಯ ಗುರುತಾಗಿ ತೋರಿಸುವುದು ಮಾತ್ರ ನೆಲ ಕಚ್ಚಿ ನಿಂತ ಕಾಲುಗಳ ಗುರುತನ್ನು.

1982ರಲ್ಲಿ ಜೆಟ್ ಲಿ ನಟಿಸಿದ 'ಶಾವೋಲಿನ್ ಟೆಂಪಲ್' ಚಿತ್ರ ತೆರೆಕಂಡ ಮೇಲೆ ಚೀನಾದ ಮೂಲೆ ಮೂಲೆಗಳಿಂದ ಹುಡುಗರು ಈ ಕಡೆ ಮುಖ ಮಾಡಿದರು. ಹತ್ತಿರದ ಡೆಂಗ್‌ಫೆಂಗ್ ಪಟ್ಟಣದ ಸುತ್ತ ಸಮರಕಲೆಯ ವಸತಿ ಶಾಲೆಗಳು ಬೆಳೆದವು. 1978ರಲ್ಲಿ ಆರಂಭವಾದ ತಾಗೋವ್ ಶಾಲೆಯೊಂದರಲ್ಲೇ ಹತ್ತಾರು ಸಾವಿರ ಮಕ್ಕಳು ಕಲಿಯುತ್ತಾರೆ. ಹಾರುವ ಕನಸು ಹೊತ್ತು ಬಂದ ಹುಡುಗನಿಗೆ ಇಲ್ಲಿ ಮೊದಮೊದಲು ಹೇಳಿಕೊಡುವ ಪಾಠಗಳಲ್ಲಿ ಒಂದು 'ಮಾ ಬು'. 'ಮಾ' ಎಂದರೆ ಕುದುರೆ, 'ಬು' ಎಂದರೆ ಹೆಜ್ಜೆ. ಇಲ್ಲದ ಕುದುರೆಯ ಮೇಲೆ ಕುಳಿತಂತೆ ಸುಮ್ಮನೆ ನಿಲ್ಲಬೇಕು. ಅಷ್ಟೇ.

ಅಷ್ಟೇ ಎಂದರೂ ಅದರಲ್ಲಿ ಗಮನಿಸಬೇಕಾದದ್ದು ಬಹಳ. ಎರಡು ಪಾದಗಳ ನಡುವೆ ಸುಮಾರು ಮೂರು ಅಂಗಾಲಿನಷ್ಟು ಅಂತರ ಬಿಡಬೇಕು. ಬೆರಳುಗಳು ನೇರ ಮುಂದಕ್ಕೆ, ಪಾದಗಳು ಒಂದಕ್ಕೊಂದು ಸಮಾನಾಂತರ. ಮಂಡಿ ಬಗ್ಗಿಸಿ ಸೊಂಟವನ್ನು ಇಳಿಸುತ್ತಾ ಹೋಗಬೇಕು. ಪೂರ್ಣ ನಿಲುವಿನಲ್ಲಿ ತೊಡೆಗಳು ನೆಲಕ್ಕೆ ಸಮಾನಾಂತರವಾಗುತ್ತವೆ. ಬೆನ್ನು ನೆಟ್ಟಗಿರಬೇಕು, ಪೃಷ್ಠ ಹಿಂದಕ್ಕೆ ಚಾಚಬಾರದು, ಎದೆ ಮುಂದಕ್ಕೆ ಬಾಗಬಾರದು. ಮಂಡಿಗಳು ಒಳಕ್ಕೆ ವಾಲದೆ ಕಾಲ್ಬೆರಳುಗಳ ದಿಕ್ಕಿಗೇ ಇರಬೇಕು. ಹಿಮ್ಮಡಿ ಏಳಕೂಡದು. ಮುಷ್ಟಿಗಳು ಸೊಂಟದ ಪಕ್ಕದಲ್ಲಿ, ದೃಷ್ಟಿ ಎದುರಿಗೆ, ಉಸಿರು ಸರಾಗ. ಕೆಲವು ಗುರುಗಳು ತೊಡೆಗಳ ಮೇಲೆ ಅಡ್ಡಲಾಗಿ ಕೋಲೊಂದನ್ನು ಇಡುತ್ತಾರೆ. ತೊಡೆ ಇಳಿಜಾರಾದರೆ ಕೋಲು ಜಾರುತ್ತದೆ. ಗಾರೆ ಕೆಲಸದವರ ರಸಮಟ್ಟದ ಹಾಗೆ ಅದೊಂದು ಅಳತೆ. ಹುಡುಗನ ತಪ್ಪನ್ನು ಗುರುಗಳಿಗಿಂತ ಮೊದಲು ಕೋಲೇ ಹೇಳಿಬಿಡುತ್ತದೆ.

ಚೀನೀ ಸಮರಕಲೆಯ ಮೂಲ ನಿಲುವುಗಳು ಐದು ಎಂದು ಈಗಿನ ಪಠ್ಯಕ್ರಮ ಎಣಿಸುತ್ತದೆ. ಕುದುರೆಯದೊಂದು, ಬಿಲ್ಲಿನದೊಂದು, ಒಂದು ಕಾಲು ಚಾಚಿ ನೆಲಕ್ಕೆ ಕುಕ್ಕರಿಸುವುದೊಂದು, ಮುಂಗಾಲಿನ ಮೇಲೆ ಭಾರ ಹಾಕದ 'ಖಾಲಿ ಹೆಜ್ಜೆ' ಒಂದು, ಕಾಲು ಹೆಣೆದು ಕೂರುವುದೊಂದು. ಉಳಿದ ನಾಲ್ಕರಲ್ಲಿ ಎಡ ಬಲಗಳಿಗೆ ಬೇರೆ ಬೇರೆ ಕೆಲಸ. ಮಾ ಬು ಮಾತ್ರ ಎರಡೂ ಕಾಲುಗಳಿಗೆ ಸಮಪಾಲು ಹಂಚುತ್ತದೆ. ಕಲಿಕೆಗೆ ಅದನ್ನೇ ಮೊದಲು ಹಿಡಿಯುವುದಕ್ಕೆ ಇದೊಂದು ಕಾರಣವಿರಬೇಕು. ಇಂಥ ನಿಲುವುಗಳಲ್ಲಿ ಅಲುಗಾಡದೆ ನಿಲ್ಲುವ ಅಭ್ಯಾಸಕ್ಕೆ 'ಜಾನ್ ಜುವಾಂಗ್' ಎಂಬ ಹೆಸರೂ ಉಂಟು. 'ಜುವಾಂಗ್' ಎಂದರೆ ನೆಲಕ್ಕೆ ಹೊಡೆದ ಗೂಟ. ಗಡಿಯಾರವಿಲ್ಲದ ಕಾಲದಲ್ಲಿ ಒಂದು ಊದುಬತ್ತಿ ಉರಿದು ಮುಗಿಯುವಷ್ಟು ಹೊತ್ತು ಎಂಬುದು ಚೀನೀಯರ ಒಂದು ಕಾಲಮಾನವಾಗಿತ್ತು. ಕುಂಗ್‌ಫು ಎಂಬ ಪದಕ್ಕೂ ಹೊಡೆದಾಟ ಎಂಬ ಅರ್ಥ ಮೂಲದಲ್ಲಿ ಇಲ್ಲ. ಹೊತ್ತು ಮತ್ತು ದುಡಿಮೆ ಸುರಿದು ಗಳಿಸಿದ ಯಾವುದೇ ಕೌಶಲ, ಅಡುಗೆಯದ್ದಾದರೂ ಸರಿ, ಬರಹದ್ದಾದರೂ ಸರಿ, ಅದು ಕುಂಗ್‌ಫು.

ಇದರಿಂದ ಯುದ್ಧ ಗೆಲ್ಲಬಹುದೆಂದು ಚೀನಾದ ಸೇನಾನಿಗಳೇ ನಂಬಿರಲಿಲ್ಲ. ಮಿಂಗ್ ವಂಶದ ಕಾಲದ ದಂಡನಾಯಕ ಚಿ ಜಿಗುವಾಂಗ್ 1560ರ ಸುಮಾರಿಗೆ ಬರೆದ ಸೈನಿಕ ತರಬೇತಿಯ ಗ್ರಂಥದಲ್ಲಿ ಬರಿಗೈ ಕಾಳಗದ 32 ಭಂಗಿಗಳನ್ನು ಕೊಟ್ಟಿದ್ದಾನೆ. ದೊಡ್ಡ ಯುದ್ಧಕ್ಕೆ ಇದು ಉಪಯೋಗಕ್ಕೆ ಬಾರದೆಂದು ತೋರಬಹುದು, ಆದರೆ ಕೈಕಾಲು ಪಳಗಿಸಲು, ಹೊಸಬರು ವಿದ್ಯೆಯ ಬಾಗಿಲು ಪ್ರವೇಶಿಸಲು ಇದು ಬೇಕು ಎಂಬುದು ಅವನ ಅಭಿಪ್ರಾಯ. ಕತ್ತಿ ಈಟಿಗಳ ಕಾಲದಲ್ಲೇ ಇಷ್ಟು ಬಿಚ್ಚುಮನಸ್ಸಿನಿಂದ ಬರೆದವನ ಮಾತನ್ನು ಈಗಿನ ಜಾಹೀರಾತುಗಳ ಪಕ್ಕದಲ್ಲಿಟ್ಟು ನೋಡಬೇಕು.

ಈ ವಿದ್ಯೆಯನ್ನು ಚೀನಾಕ್ಕೆ ಕೊಟ್ಟವನು ಕಂಚಿಯ ರಾಜಕುಮಾರ ಬೋಧಿಧರ್ಮ ಎಂಬ ಮಾತು ದಕ್ಷಿಣ ಭಾರತದಲ್ಲಿ ಬಹಳ ಪ್ರಚಾರದಲ್ಲಿದೆ. ಕೇಳಲು ಹಿತವಾಗಿದೆ, ಆಧಾರ ಸಾಲದು. ಅವನ ಹೆಸರಿನಲ್ಲಿರುವ ಸ್ನಾಯು ಬಲವರ್ಧನೆಯ ಗ್ರಂಥ ಹುಟ್ಟಿದ್ದು 17ನೆಯ ಶತಮಾನದಲ್ಲಿ, ಅವನಿಗೂ ಅದಕ್ಕೂ ಸಾವಿರ ವರ್ಷಕ್ಕೂ ಮೀರಿದ ಅಂತರ. ಚೀನಾದ ಇತಿಹಾಸಕಾರ ತಾಂಗ್ ಹಾವೊ 1930ರ ದಶಕದಲ್ಲೇ ಇದನ್ನು ದಂತಕಥೆಯೆಂದು ತಳ್ಳಿಹಾಕಿದ್ದ. ಭಾರತದ ನಿಜವಾದ ನಂಟು ಬೇರೆಯೇ ಇದೆ. ಕ್ರಿ.ಶ. 495ರಲ್ಲಿ ಶಾವೋಲಿನ್ ವಿಹಾರವನ್ನು ಕಟ್ಟಿಸಿಕೊಟ್ಟದ್ದೇ ಬಾತುವೊ ಎಂದು ಚೀನೀಯರು ಕರೆದ ಭಾರತೀಯ ಭಿಕ್ಷುವಿಗಾಗಿ. ಅವನು ಕಲಿಸಿದ್ದು ಧ್ಯಾನವನ್ನು.

ಚೀನಾದ ಫುಜಿಯಾನ್ ಪ್ರಾಂತದ ವರಸೆಗಳು ಓಕಿನಾವಾ ದ್ವೀಪಕ್ಕೆ ಹೋಗಿ ಕರಾಟೆಗೆ ಬೆರೆತವು. ಕರಾಟೆಯಲ್ಲಿ ಇದೇ ಬಗೆಯ ನಿಲುವಿಗೆ 'ಕಿಬಾ ದಾಚಿ', ಎಂದರೆ ಕುದುರೆ ಸವಾರನ ನಿಲುವು ಎಂದೇ ಹೆಸರು. ಕರ್ನಾಟಕದ ಊರೂರುಗಳಲ್ಲಿ ಶಾಲೆಯ ಬಯಲಿನಲ್ಲೋ ಸಮುದಾಯ ಭವನದಲ್ಲೋ ಸಂಜೆ ಬಿಳಿ ಉಡುಪು ತೊಟ್ಟು ಸಾಲಾಗಿ ನಿಲ್ಲುವ ಮಕ್ಕಳು ಮಾಡುವುದು ಅದನ್ನೇ. ಕಾಂಪೌಂಡಿನ ಹೊರಗೆ ಸ್ಕೂಟರಿನ ಮೇಲೆ ಕುಳಿತು ಕಾಯುವ ತಂದೆತಾಯಿಗಳಿಗೆ ಒಂದು ಅನುಮಾನ ಬರುವುದು ಸಹಜ. "ಏನ್ ಸರ್, ತಿಂಗಳಿಂದ ಬರೀ ನಿಲ್ಲಿಸ್ತಾನೇ ಇದೀರಲ್ಲ, ಏನಾದ್ರೂ ಕಲಿಸೋದು ಯಾವಾಗ?" ಎಂದು ಕೇಳಿಯೂ ಬಿಡುತ್ತಾರೆ. ಹಣ ಕಟ್ಟಿ ಸೇರಿಸಿದ್ದು ಮಗು ನಿಂತುಕೊಳ್ಳುವುದಕ್ಕೇ?

ಭೌತಶಾಸ್ತ್ರದ ಪಠ್ಯಪುಸ್ತಕವನ್ನು ಕೇಳಿದರೆ ಅದು ತಂದೆತಾಯಿಗಳ ಪಕ್ಷವನ್ನೇ ವಹಿಸುತ್ತದೆ. ಕೆಲಸ ಎಂದರೆ ಬಲವನ್ನು, ಆ ಬಲದ ದಿಕ್ಕಿನಲ್ಲಿ ವಸ್ತು ಸರಿದ ದೂರದಿಂದ ಗುಣಿಸಿದ್ದು. ಅಲುಗಾಡದೆ ನಿಂತ ಹುಡುಗನ ದೇಹ ಎಲ್ಲಿಗೂ ಸರಿದಿಲ್ಲ. ದೂರ ಸೊನ್ನೆ, ಆದ್ದರಿಂದ ಕೆಲಸವೂ ಸೊನ್ನೆ. ಪರೀಕ್ಷೆಯಲ್ಲಿ ಹೀಗೆ ಬರೆದರೆ ಪೂರ್ಣ ಅಂಕ ಸಿಗುತ್ತದೆ. ಹಾಗಾದರೆ ಒಂದು ನಿಮಿಷ ತುಂಬುವ ಮೊದಲೇ ಹಣೆಯ ಮೇಲೆ ಬೆವರು ಮೂಡುವುದೇಕೆ? ತೊಡೆ ಉರಿಯುವುದೇಕೆ? ಪುಸ್ತಕದ ರಾಶಿಯನ್ನು ಹೊತ್ತ ಮೇಜಿಗೆ ವರ್ಷಗಟ್ಟಲೆ ನಿಂತರೂ ದಣಿವಿಲ್ಲವಲ್ಲ!

ಉತ್ತರ ಸ್ನಾಯುವಿನ ಒಳಗಿದೆ. ಮೇಜಿನ ಕಾಲು ಒಮ್ಮೆ ಊರಿದರೆ ಮುಗಿಯಿತು. ಸ್ನಾಯು ಹಾಗಲ್ಲ. ಅದರ ಎಳೆಗಳಲ್ಲಿ ಆಕ್ಟಿನ್ ಮತ್ತು ಮಯೋಸಿನ್ ಎಂಬ ಎರಡು ಬಗೆಯ ಪ್ರೋಟೀನು ತಂತುಗಳಿವೆ. ಮಯೋಸಿನ್‌ನ ಪುಟ್ಟ ತಲೆಗಳು ಆಕ್ಟಿನ್ ತಂತುವನ್ನು ಹಿಡಿದು ಎಳೆಯುತ್ತವೆ, ಬಿಡುತ್ತವೆ, ಮತ್ತೆ ಹಿಡಿಯುತ್ತವೆ. ಹಗ್ಗ ಜಗ್ಗುವ ಆಟದಲ್ಲಿ ಎರಡು ತಂಡಗಳೂ ಸರಿಸಮವಾಗಿದ್ದಾಗ ನಡುವಿನ ಕರವಸ್ತ್ರ ಒಂದಂಗುಲವೂ ಸರಿಯದು. ಆಟಗಾರರ ಅಂಗೈ ಮಾತ್ರ ಸುಲಿಯುತ್ತದೆ. ಹಾಗೆಯೇ ಇದು. ಪ್ರತಿಯೊಂದು ಹಿಡಿತ ಬಿಡಿಸಿಕೊಳ್ಳಲು ಎಟಿಪಿ ಎಂಬ ಇಂಧನದ ಅಣುವೊಂದು ಖರ್ಚಾಗಬೇಕು. ಹೊರಗೆ ಕೆಲಸ ಸೊನ್ನೆ. ಒಳಗೆ ಕೋಟ್ಯಂತರ ಎಳೆತಗಳು. ಖರ್ಚಾದ ಶಕ್ತಿಯೆಲ್ಲ ಕಡೆಗೆ ಶಾಖವಾಗುತ್ತದೆ, ಬೆವರು ಅದರ ರಸೀದಿ.

ಎಲ್ಲ ಪ್ರಾಣಿಗಳೂ ಹೀಗೆ ದುಂದು ಮಾಡುವುದಿಲ್ಲ. ಕರಾವಳಿಯವರು ಬಲ್ಲ ಮರುವಾಯಿಯಂಥ ಚಿಪ್ಪುಜೀವಿಗಳ ಸ್ನಾಯುವಿಗೆ ಒಮ್ಮೆ ಬಿಗಿದ ಹಿಡಿತವನ್ನು ಅತ್ಯಲ್ಪ ಶಕ್ತಿಯಲ್ಲಿ ಗಂಟೆಗಟ್ಟಲೆ ಉಳಿಸಿಕೊಳ್ಳುವ ಉಪಾಯ ಗೊತ್ತಿದೆ. ಇನ್ನು ನಿಜವಾದ ಕುದುರೆಯ ಸಂಗತಿ ಮತ್ತೂ ಸೊಗಸಾದದ್ದು. ಅದು ನಿಂತೇ ತೂಕಡಿಸುತ್ತದೆ. ಅದರ ಹಿಂಗಾಲಿನ ಮಂಡಿಚಿಪ್ಪು ತೊಡೆಮೂಳೆಯ ಅಂಚಿಗೆ ಕೊಂಡಿಯಂತೆ ಸಿಕ್ಕಿಕೊಂಡು ಕಾಲನ್ನು ಬೀಗ ಹಾಕಿದ ಹಾಗೆ ನಿಲ್ಲಿಸುತ್ತದೆ. ಸ್ನಾಯುಗಳಿಗೆ ಬಹುಪಾಲು ಬಿಡುವು. ಕುದುರೆಯ ಹೆಸರಿನ ನಿಲುವಿನಲ್ಲಿ ನಿಂತ ಹುಡುಗನಿಗೆ ಆ ಭಾಗ್ಯವಿಲ್ಲ. ಮನುಷ್ಯ ನೆಟ್ಟಗೆ ನಿಂತಾಗ ಮೂಳೆಯ ಮೇಲೆ ಮೂಳೆ ಕುಳಿತು ಭಾರ ನೇರವಾಗಿ ನೆಲಕ್ಕಿಳಿಯುತ್ತದೆ. ಮಂಡಿ ಬಗ್ಗಿತೋ, ಲೆಕ್ಕ ಬದಲಾಯಿತು.

ಆ ಲೆಕ್ಕವನ್ನು ಮಾಡಿಯೇ ನೋಡಬಹುದು. 40 ಕಿಲೋ ತೂಕದ ಹುಡುಗನೊಬ್ಬನಿದ್ದಾನೆ ಎನ್ನೋಣ. ಮಂಡಿಯಿಂದ ಕೆಳಗಿನ ಎರಡು ಕಾಲುಗಳ ಭಾರ ಸುಮಾರು 5 ಕಿಲೋ ಕಳೆದರೆ ಉಳಿದ 35 ಕಿಲೋವನ್ನು ಎರಡು ಮಂಡಿಗಳು ಹೊರಬೇಕು, ಒಂದೊಂದಕ್ಕೆ ಹದಿನೇಳೂವರೆ. ಮಂಡಿಯನ್ನು ಸನ್ನೆಯ ಆಧಾರ ಬಿಂದು ಎಂದುಕೊಳ್ಳಿ. ಭಾರ ಇಳಿಯುವ ಗೆರೆ ಮಂಡಿಯಿಂದ 16 ಸೆಂಟಿಮೀಟರ್ ಹಿಂದಿದ್ದು, ಮಂಡಿಚಿಪ್ಪಿನ ಮೇಲೆ ಹಾದುಹೋಗುವ ತೊಡೆಯ ಸ್ನಾಯುರಜ್ಜು ಆಧಾರ ಬಿಂದುವಿನಿಂದ 4 ಸೆಂಟಿಮೀಟರ್ ಮಾತ್ರ ಮುಂದಿದ್ದರೆ, ಸ್ನಾಯು ನಾಲ್ಕು ಪಟ್ಟು ಬಲದಿಂದ ಎಳೆಯಬೇಕು. ಎಂದರೆ ಒಂದೊಂದು ತೊಡೆಯಲ್ಲೂ 70 ಕಿಲೋ ಭಾರಕ್ಕೆ ಸಮನಾದ ಎಳೆತ. ಅವನೇ ಅರ್ಧ ಇಳಿದು ನಿಂತು ಆ 16 ಸೆಂಟಿಮೀಟರು 8 ಆದರೆ ಎಳೆತವೂ ಅರ್ಧಕ್ಕೆ, 35 ಕಿಲೋಗೆ ಇಳಿಯುತ್ತದೆ. ಅಳತೆಗಳು ಮಗುವಿನಿಂದ ಮಗುವಿಗೆ ಬದಲಾಗುತ್ತವೆ, ಇದು ಬರೀ ಸರಳ ಲೆಕ್ಕ. ಆದರೂ ಒಂದು ವಿಷಯ ಸ್ಪಷ್ಟ. ಎಷ್ಟು ಆಳಕ್ಕೆ ಇಳಿಯಬೇಕೆಂಬುದು ಹಟದ ಪ್ರಶ್ನೆಯಲ್ಲ, ಸನ್ನೆಯ ಪ್ರಶ್ನೆ.

ತೊಡೆ ನಡುಗತೊಡಗುವುದೇಕೆ ಎಂಬುದನ್ನೂ ಹೇಳಬೇಕು. ಮಕ್ಕಳಿಗೆ ಆ ನಡುಕವೇ ದೊಡ್ಡ ಅವಮಾನವಾಗಿ ತೋರುತ್ತದೆ. ಸ್ನಾಯುವಿನ ಎಳೆಗಳು ಗುಂಪು ಗುಂಪಾಗಿ ಕೆಲಸ ಮಾಡುತ್ತವೆ. ಒಂದೊಂದು ಗುಂಪಿಗೂ ಬೆನ್ನುಹುರಿಯಿಂದ ಬಂದ ಒಂದೊಂದು ನರದ ಅಪ್ಪಣೆ. ಮೊದಲು ಚಿಕ್ಕ ಗುಂಪುಗಳಿಗೆ ಕರೆ ಹೋಗುತ್ತದೆ. ಅವು ಸೋಲುತ್ತ ಬಂದಂತೆ ದೊಡ್ಡ ಗುಂಪುಗಳನ್ನು ಎಬ್ಬಿಸಬೇಕಾಗುತ್ತದೆ. ಬಿಗಿದ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನು ತಾನೇ ಹಿಸುಕುವುದರಿಂದ ಆಮ್ಲಜನಕದ ಪೂರೈಕೆಯೂ ಇಳಿಯುತ್ತದೆ. ಆಗ ದೊಡ್ಡ ಗುಂಪುಗಳು ಒಟ್ಟೊಟ್ಟಿಗೆ ಬಿಗಿದು ಸಡಿಲಿಸಿ ಬಿಗಿದು ಕಾಲು ಗಡಗಡ ನಡುಗುತ್ತದೆ. ಇದು ಹೆದರಿಕೆಯಲ್ಲ, ದೌರ್ಬಲ್ಯವೂ ಅಲ್ಲ. ಪಾಳಿ ಬದಲಾಯಿಸುವ ಗದ್ದಲ. ದಣಿವಿಗೆಲ್ಲ ಲ್ಯಾಕ್ಟಿಕ್ ಆಮ್ಲವೇ ಕಾರಣ ಎಂದು ಹಿಂದೆ ಕಲಿಸುತ್ತಿದ್ದರು. ಎಟಿಪಿ ಒಡೆದಾಗ ಉಳಿಯುವ ಫಾಸ್ಫೇಟಿನ ಪಾತ್ರ ದೊಡ್ಡದೆಂದು ಈಗ ತಿಳಿದಿದೆ.

ಶಾಲೆಯಲ್ಲಿ ಖರ್ಚಿಲ್ಲದೆ ಮಾಡಬಹುದಾದ ಪ್ರಯೋಗವೊಂದಿದೆ. ಗೆಳೆಯನೊಬ್ಬನನ್ನು ಮಾ ಬು ನಿಲುವಿನಲ್ಲಿ ನಿಲ್ಲಿಸಿ, ಪಕ್ಕದಿಂದ ಅವನ ಭುಜವನ್ನು ಮೆಲ್ಲಗೆ ತಳ್ಳಿ. ಬಂಡೆಯಂತೆ ನಿಂತಿರುತ್ತಾನೆ. ಈಗ ಎದುರಿನಿಂದ ಎದೆಯನ್ನು ಎರಡು ಬೆರಳಿನಿಂದ ತಳ್ಳಿ. ಹಿಂದಕ್ಕೆ ತಟ್ಟಾಡುತ್ತಾನೆ. (ಹಿಂದೆ ಇನ್ನೊಬ್ಬ ಹಿಡಿಯಲು ನಿಂತಿರಲಿ.) ಗುರುತ್ವ ಕೇಂದ್ರದಿಂದ ಇಳಿಬಿಟ್ಟ ಗೆರೆ ಪಾದಗಳು ಆವರಿಸಿದ ಜಾಗದ ಒಳಗೆ ಬೀಳುವವರೆಗೆ ದೇಹ ಉರುಳದು. ಆ ಜಾಗ ಎಡದಿಂದ ಬಲಕ್ಕೆ ಮುಕ್ಕಾಲು ಮೀಟರಿನ ಆಸುಪಾಸು. ಮುಂದಿನಿಂದ ಹಿಂದಕ್ಕೆ ಬರೀ ಅಂಗಾಲಿನ ಉದ್ದ, ಒಂದು ಗೇಣಿನಷ್ಟು. ಓಡುವ ಬಸ್ಸಿನಲ್ಲಿ ಟಿಕೆಟ್ ಹರಿಯುವ ಕಂಡಕ್ಟರು ಕಿಟಕಿಯ ಕಡೆ ಮುಖ ಮಾಡಿ ಕಾಲಗಲಿಸಿ ನಿಲ್ಲುವುದನ್ನು ಗಮನಿಸಿದವರಿಗೆ ಇದು ಅರ್ಥವಾಗುತ್ತದೆ. ಬ್ರೇಕ್ ಹಾಕಿದಾಗ ಆಗುವ ಎಳೆತ ಅವರಿಗೆ ಪಕ್ಕದಿಂದ ಬರುತ್ತದೆ. ಮಾ ಬು ಕಾಳಗದ ನಿಲುವಾಗದೆ ಅಭ್ಯಾಸದ ನಿಲುವಾಗಿಯೇ ಹೆಚ್ಚು ಉಳಿದದ್ದೇಕೆ ಎಂಬುದಕ್ಕೂ ಇಲ್ಲೇ ಸುಳಿವಿದೆ.

ಹಾಗಾದರೆ ನಿಂತು ಕಲಿಯುವುದೇನನ್ನು? ಮೊದಲ ಕೆಲವು ವಾರಗಳಲ್ಲಿ ಹುಡುಗ ಇಪ್ಪತ್ತು ಸೆಕೆಂಡಿನಿಂದ ಒಂದು ನಿಮಿಷಕ್ಕೆ ಏರುತ್ತಾನೆ. ತೊಡೆಯ ಸುತ್ತಳತೆ ತೆಗೆದರೆ ಹೆಚ್ಚಿನ ವ್ಯತ್ಯಾಸ ಕಾಣದು. ಬಲಗೊಂಡಿರುವುದು ಮುಖ್ಯವಾಗಿ ನರಗಳ ಆಜ್ಞಾಪದ್ಧತಿ. ಯಾವ ಸ್ನಾಯುವನ್ನು ಎಷ್ಟು ಬಿಗಿಯಬೇಕು, ಯಾವುದನ್ನು ಸಡಿಲ ಬಿಡಬೇಕು ಎಂಬ ಹಂಚಿಕೆಯನ್ನು ಅವು ಕಲಿತಿರುತ್ತವೆ. ಹೊಸಬರು ಹಲ್ಲು ಕಚ್ಚುತ್ತಾರೆ, ಭುಜ ಎತ್ತುತ್ತಾರೆ, ಉಸಿರು ಕಟ್ಟುತ್ತಾರೆ. ಇವೆಲ್ಲ ನಿಲ್ಲುವುದಕ್ಕೆ ಬೇಕಿಲ್ಲದ ಖರ್ಚುಗಳು. ಅವು ಒಂದೊಂದಾಗಿ ಬಿದ್ದುಹೋಗುವುದೇ ಈ ಪಾಠದ ಬಹುಭಾಗ. ಹೊರಗಿನಿಂದ ನೋಡುವವರಿಗೆ ಅದು ಕಾಣುವುದಿಲ್ಲ. ಸ್ಕೂಟರಿನ ಮೇಲೆ ಕಾಯುವವರ ಪ್ರಶ್ನೆಗೆ ಇದೇ ಉತ್ತರ.

ಹಾಗೆಂದು ನಿಂತಷ್ಟೂ ಲಾಭ ಎಂಬ ಮಾತನ್ನು ಒಪ್ಪಬೇಕಾಗಿಲ್ಲ. ಒಂದು ಕೋನದಲ್ಲಿ ಅಲುಗಾಡದೆ ಗಳಿಸಿದ ಬಲ ಹೆಚ್ಚಾಗಿ ಆ ಕೋನದ ಆಸುಪಾಸಿಗೇ ಸೀಮಿತ. ಬರೀ ನಿಂತವನಿಗೆ ಓಟ ಬಾರದು, ಜಿಗಿತ ಬಾರದು. ಮೂರು ವರ್ಷ ಕುದುರೆ ನಿಲುವಿನಲ್ಲೇ ನಿಲ್ಲಿಸಿದರೆಂಬ ಹಳೆಯ ಕಥೆಗಳು ಶಿಷ್ಯನ ತಾಳ್ಮೆ ಪರೀಕ್ಷಿಸುವ ಕಥೆಗಳಾಗಿರಬಹುದು, ಪಠ್ಯಕ್ರಮ ಅಲ್ಲ. ಹತ್ತು ನಿಮಿಷ ವಕ್ರವಾಗಿ ನಿಂತ ಮಗುವಿಗಿಂತ ಇಪ್ಪತ್ತು ಸೆಕೆಂಡು ಸರಿಯಾಗಿ ನಿಂತ ಮಗು ಹೆಚ್ಚು ಕಲಿತಿರುತ್ತದೆ. ಯಾರು ಹೆಚ್ಚು ಹೊತ್ತು ನಿಲ್ಲುತ್ತೀರಿ ನೋಡೋಣ ಎಂದು ಪಂಥ ಕಟ್ಟುವ ಶಿಕ್ಷಕರು ಈ ನಿಲುವನ್ನು ಅರ್ಥ ಮಾಡಿಕೊಂಡಿಲ್ಲವೆಂದೇ ಹೇಳಬೇಕು.

ಬೆಳೆಯುವ ಮಕ್ಕಳ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಹತ್ತರಿಂದ ಹದಿನೈದರ ವಯಸ್ಸಿನಲ್ಲಿ ಮೊಣಕಾಲಿನ ಚಿಪ್ಪಿನ ಕೆಳಗೆ, ಸ್ನಾಯುರಜ್ಜು ಕಾಲಿನ ಮೂಳೆಗೆ ಅಂಟುವ ಜಾಗ ಇನ್ನೂ ಪೂರ್ತಿ ಮೂಳೆಯಾಗಿರುವುದಿಲ್ಲ, ಮೃದ್ವಸ್ಥಿಯಾಗಿರುತ್ತದೆ. ಮೇಲೆ ಲೆಕ್ಕ ಹಾಕಿದ ಎಳೆತವೆಲ್ಲ ಕಡೆಗೆ ಬೀಳುವುದು ಆ ಒಂದು ಬಿಂದುವಿನ ಮೇಲೆ. ಓಟ, ಜಿಗಿತ, ಬಸ್ಕಿ ಅತಿಯಾದಾಗ ಅಲ್ಲಿ ಊದಿಕೊಂಡು ಮುಟ್ಟಿದರೆ ನೋಯುವ ಗಂಟು ಕಾಣಿಸಿಕೊಳ್ಳುವುದುಂಟು. ಬಾಸ್ಟನ್ನಿನ ಆಸ್‌ಗುಡ್ ಮತ್ತು ಜ್ಯೂರಿಕ್‌ನ ಶ್ಲಾಟರ್ ಎಂಬ ವೈದ್ಯರು 1903ರಲ್ಲಿ ಬೇರೆ ಬೇರೆಯಾಗಿ ಇದನ್ನು ವಿವರಿಸಿದ್ದರಿಂದ ಇಬ್ಬರ ಹೆಸರೂ ಅದಕ್ಕಿದೆ. ಸಾಮಾನ್ಯವಾಗಿ ಬೆಳವಣಿಗೆ ಮುಗಿದಂತೆ ಅದು ತಾನೇ ಶಮನವಾಗುತ್ತದೆ, ಆದರೆ ನೋವಿರುವಾಗ ಒತ್ತಾಯಿಸಿ ನಿಲ್ಲಿಸಕೂಡದು. ತೊಡೆಯ ನಡುವೆ ಉರಿ ಬಂದರೆ ಅದು ಅಭ್ಯಾಸದ ಫಲ. ಮಂಡಿಯ ಒಳಗೆ, ಚಿಪ್ಪಿನ ಕೆಳಗೆ, ಚುಚ್ಚಿದಂತೆ ನೋವು ಬಂದರೆ ಅಂದಿಗೆ ನಿಲ್ಲಿಸುವುದು. ನೋವು ಮರುಕಳಿಸಿದರೆ ವೈದ್ಯರಿಗೆ ತೋರಿಸುವುದು. ಈ ಎರಡು ನೋವುಗಳ ವ್ಯತ್ಯಾಸವನ್ನು ಮಗುವಿಗೆ ಮೊದಲ ದಿನವೇ ಹೇಳಿಕೊಡುವವರು ಒಳ್ಳೆಯ ಶಿಕ್ಷಕರು.

ಇದೇ ಭಂಗಿ ಇನ್ನೊಂದು ಹೆಸರಿನಿಂದ ಕರ್ನಾಟಕದ ಶಾಲೆಗಳಿಗೆ ಹಳೆಯ ಪರಿಚಯ. ಮನೆಪಾಠ ಬರೆಯದವನನ್ನು ಇಲ್ಲದ ಕುರ್ಚಿಯ ಮೇಲೆ ಕೂರಿಸುವುದು, ಬಸ್ಕಿ ಹೊಡೆಸುವುದು ಅನೇಕ ತಲೆಮಾರುಗಳ ಅನುಭವ. ಸ್ನಾಯುವಿಗೆ ಎರಡರ ಭೇದ ತಿಳಿಯದು ಎನ್ನಬಹುದು. ಆದರೆ ಒಂದರಲ್ಲಿ ಎಷ್ಟು ಇಳಿಯಬೇಕು, ಯಾವಾಗ ಏಳಬೇಕು ಎಂಬುದು ಕಲಿಯುವವನ ಕೈಯಲ್ಲಿದೆ. ಇನ್ನೊಂದರಲ್ಲಿ ಅದು ಬೆತ್ತ ಹಿಡಿದವರ ಕೈಯಲ್ಲಿ. 2009ರ ಶಿಕ್ಷಣ ಹಕ್ಕು ಕಾಯಿದೆ ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡುವುದನ್ನು ನಿಷೇಧಿಸಿದೆ. ಕಾಯಿದೆ ಇರದಿದ್ದರೂ ಒಂದು ಒಳ್ಳೆಯ ಅಭ್ಯಾಸವನ್ನು ಶಿಕ್ಷೆಯಾಗಿ ಬಳಸಿ ಕೆಡಿಸುವುದು ಜಾಣತನವಲ್ಲ.

ಮನೆಯಲ್ಲಿ ಪ್ರಯತ್ನಿಸುವವರು ಮೊದಲು ಕಾಲುಭಾಗ ಮಾತ್ರ ಇಳಿದು, ಹದಿನೈದು ಸೆಕೆಂಡು ನಿಂತು, ಎದ್ದು, ಮತ್ತೆ ಇಳಿಯಬಹುದು. ಸೆಕೆಂಡುಗಳನ್ನು ಮನಸ್ಸಿನಲ್ಲಿ ಎಣಿಸುವ ಬದಲು ಬಾಯಿಬಿಟ್ಟು ಎಣಿಸಿದರೆ ಒಳ್ಳೆಯದು; ಮಾತಾಡುತ್ತಿರುವವರಿಗೆ ಉಸಿರು ಕಟ್ಟಲು ಆಗುವುದಿಲ್ಲ. ಉಸಿರು ಕಟ್ಟಿ ಬಿಗಿದರೆ ರಕ್ತದೊತ್ತಡ ಏರಿ ಏಳುವಾಗ ಕಣ್ಣು ಕತ್ತಲೆ ಬರುವುದುಂಟು. ಗೋಡೆಯ ಕನ್ನಡಿಯಲ್ಲಿ ಮಂಡಿ ಒಳಕ್ಕೆ ವಾಲಿದೆಯೇ ನೋಡಿಕೊಳ್ಳಬೇಕು. ಏಳುವಾಗ ನಿಧಾನವಾಗಿ ಎದ್ದು, ಪಾದಗಳನ್ನು ಒಂದೊಂದಾಗಿ ಹತ್ತಿರ ತಂದು, ತಕ್ಷಣ ಕುಳಿತುಬಿಡದೆ ಒಂದೆರಡು ನಿಮಿಷ ಅಡ್ಡಾಡಬೇಕು. ನಡೆಯುವಾಗ ಮೀನಖಂಡದ ಸ್ನಾಯು ಹಿಂಡಿದಂತಾಗಿ ಕಾಲಿನಲ್ಲಿ ನಿಂತ ರಕ್ತ ಮೇಲಕ್ಕೇರುತ್ತದೆ. ಅಪ್ಪನೋ ಅಮ್ಮನೋ ಪಕ್ಕದಲ್ಲಿ ನಿಂತು ಗಡಿಯಾರ ನೋಡುವುದಾದರೆ, ಒಮ್ಮೆ ತಾವೂ ಜೊತೆಗೆ ಇಳಿದು ನಿಂತು ನೋಡಬಹುದು. ಆಮೇಲೆ ಎಷ್ಟು ಹೊತ್ತು ಎಂದು ಮಗನನ್ನೋ ಮಗಳನ್ನೋ ಕೇಳುವ ದನಿ ಬೇರೆಯಾಗಿರುತ್ತದೆ.